ಬರೆಯುವ ಕೈಗೂ ಮೊದಲು ಕೇಳುವ ಕಿವಿ

ಸಂಪಾದಕರಿಗೆ,

ಮಾನ್ಯರೇ,

ಮಕ್ಕಳು ಓದುವುದಿಲ್ಲ, ಓದಿದರೂ ಸ್ವಂತವಾಗಿ ನಾಲ್ಕು ಸಾಲು ಬರೆಯಲಾರರು ಎಂಬ ದೂರು ಪತ್ರಿಕೆಯ ಅಂಕಣಗಳಲ್ಲಿಯೂ ಪೋಷಕರ ಸಭೆಗಳಲ್ಲಿಯೂ ಬಹಳ ಕಾಲದಿಂದ ಕೇಳಿಬರುತ್ತಿದೆ. ಅದಕ್ಕೆ ಸೂಚಿಸಲಾಗುವ ಪರಿಹಾರಗಳು ಬಹುಮಟ್ಟಿಗೆ ಶಾಲೆಯ ಸುತ್ತಲೇ ತಿರುಗುತ್ತವೆ: ಗ್ರಂಥಾಲಯದ ಅವಧಿ ಹೆಚ್ಚಿಸಬೇಕು, ಪ್ರಬಂಧ ಸ್ಪರ್ಧೆ ಏರ್ಪಡಿಸಬೇಕು, ಮೊಬೈಲ್ ಕಿತ್ತುಕೊಳ್ಳಬೇಕು. ಇವುಗಳಲ್ಲಿ ಯಾವುದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ಭಾಷಾ ಶಿಕ್ಷಕನಾಗಿ ಮಕ್ಕಳ ಪ್ರಬಂಧದ ಪುಸ್ತಕಗಳನ್ನು ಬಹುಕಾಲ ತಿದ್ದಿದ ನನಗೆ ಮನವರಿಕೆಯಾಗಿರುವ ಸಂಗತಿಯೊಂದಿದೆ. ಬರೆಯಬೇಕೆಂಬ ಆಸೆ ಅಕ್ಷರ ಕಲಿಯುವುದಕ್ಕೂ ಮೊದಲೇ, ಮಗು ಇನ್ನೂ ಕೇಳುಗನಷ್ಟೇ ಆಗಿರುವ ಕಾಲದಲ್ಲಿ, ಕಿವಿಯ ಮೂಲಕ ಒಳಗೆ ಇಳಿಯುತ್ತದೆ. ಮಲಗುವ ಹೊತ್ತಿಗೆ ತಂದೆಯೋ ತಾಯಿಯೋ ಅಜ್ಜಿಯೋ ಮಗ್ಗುಲಲ್ಲಿ ಕುಳಿತು ಪುಸ್ತಕವೊಂದನ್ನು ಗಟ್ಟಿಯಾಗಿ ಓದಿ ಹೇಳುವ ಹತ್ತು ಹದಿನೈದು ನಿಮಿಷಗಳಿಗೆ ಈ ವಿಷಯದಲ್ಲಿ ಎಷ್ಟು ದೊಡ್ಡ ಪಾಲಿದೆ ಎಂಬುದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ತುಸು ದೀರ್ಘವಾಗಿರುವುದನ್ನು ತಾವು ಸಹಿಸಿಕೊಳ್ಳಬೇಕು.

ಮನೆಯಲ್ಲಿ ಆಡುವ ಮಾತಿಗೂ ಪುಸ್ತಕದಲ್ಲಿ ಅಚ್ಚಾದ ಭಾಷೆಗೂ ಎಲ್ಲ ನುಡಿಗಳಲ್ಲಿಯೂ ಅಂತರವಿರುತ್ತದೆ. ಕನ್ನಡದಲ್ಲಿ ಅದು ಕೊಂಚ ಹೆಚ್ಚೇ ಇದೆ. ‘ಹೋಗ್ತಾನೆ’, ‘ಬಂದ್ಬಿಟ್ಟ’ ಎಂದು ಮಾತನಾಡುವ ಮಗು ಪುಸ್ತಕದಲ್ಲಿ ‘ಹೋಗುತ್ತಾನೆ’, ‘ಬಂದುಬಿಟ್ಟನು’ ಎಂಬ ರೂಪಗಳನ್ನು ಎದುರಿಸಬೇಕಾಗುತ್ತದೆ. ಇದು ಮೇಲುಮೇಲಿನ ವ್ಯತ್ಯಾಸ. ಅದಕ್ಕಿಂತ ಆಳವಾದದ್ದು ಬೇರೊಂದಿದೆ. ಮಾತಿನಲ್ಲಿ ವಾಕ್ಯ ಅರ್ಧಕ್ಕೇ ನಿಂತರೂ ನಡೆಯುತ್ತದೆ, ಏಕೆಂದರೆ ಉಳಿದದ್ದನ್ನು ಕೈಸನ್ನೆ, ಮುಖಭಾವ ಮತ್ತು ಎದುರಿಗಿರುವ ವಸ್ತುಗಳು ತುಂಬಿಕೊಡುತ್ತವೆ. ‘ಅದನ್ನ ಅಲ್ಲಿಡು’ ಎಂದರೆ ಮನೆಮಂದಿಗೆಲ್ಲ ಅರ್ಥವಾಗುತ್ತದೆ. ಪುಸ್ತಕಕ್ಕೆ ಅಂಥ ಅನುಕೂಲವಿಲ್ಲ. ‘ಅದು’ ಯಾವುದು, ‘ಅಲ್ಲಿ’ ಎಂದರೆ ಎಲ್ಲಿ, ಇಡುವವರು ಯಾರು, ಇಡದಿದ್ದರೆ ಆಗುವುದೇನು ಎಂಬುದನ್ನೆಲ್ಲ ಅಲ್ಲಿ ಪದಗಳೇ ಕಟ್ಟಿಕೊಡಬೇಕು. ಕಣ್ಣೆದುರಿಗೆ ಇಲ್ಲದ್ದನ್ನು ಪದಗಳಿಂದ ಮಾತ್ರವೇ ನಿಲ್ಲಿಸುವುದು ಬರೆಯುವವನ ಕೆಲಸ. ಪದಗಳನ್ನು ಮಾತ್ರವೇ ಹಿಡಿದು ಕಣ್ಣೆದುರಿಗೆ ಇಲ್ಲದ್ದನ್ನು ಕಾಣುವುದು ಕೇಳುವ ಮಗುವಿನ ಕೆಲಸ. ಒಂದೇ ಕೆಲಸದ ಎರಡು ತುದಿಗಳಿವು. ಒಂದು ತುದಿಯಲ್ಲಿ ರಾತ್ರಿಯಿಂದ ರಾತ್ರಿಗೆ ಪಳಗಿದ ಮಗುವಿಗೆ ಇನ್ನೊಂದು ತುದಿ ಪೂರ್ತಿ ಅಪರಿಚಿತವಾಗಿ ಉಳಿಯುವುದಿಲ್ಲ.

ಪದಸಂಪತ್ತಿನ ಮಾತನ್ನೇ ತೆಗೆದುಕೊಳ್ಳಿ. 1988ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಹೇಯ್ಸ್ ಮತ್ತು ಆರೆನ್ಸ್, ಇಂಗ್ಲಿಷ್ ಭಾಷೆಯ ಬರಹ ಮತ್ತು ಮಾತುಗಳಲ್ಲಿ ಅಪರೂಪದ ಪದಗಳು ಎಷ್ಟು ಬರುತ್ತವೆ ಎಂದು ಎಣಿಸಿದರು. ಪದವೀಧರರು ತಮ್ಮ ಗೆಳೆಯರೊಂದಿಗೆ, ಬಾಳಸಂಗಾತಿಯೊಂದಿಗೆ ಆಡುವ ಮಾತಿನಲ್ಲಿ ಸಾವಿರ ಪದಗಳಿಗೆ ಸುಮಾರು 17 ಅಪರೂಪದ ಪದಗಳು ಬಂದರೆ, ಮಕ್ಕಳ ಪುಸ್ತಕಗಳಲ್ಲಿ ಅಂಥವು ಸುಮಾರು 31 ಬರುತ್ತಿದ್ದವು. ಶಾಲೆಗೆ ಸೇರುವ ಮುನ್ನ ಓದಿ ಹೇಳುವ ಪುಟ್ಟ ಪುಸ್ತಕಗಳು ಕೂಡ ಆ ವಿದ್ಯಾವಂತರ ಮಾತುಕತೆಗೆ ಹೆಚ್ಚುಕಡಿಮೆ ಸರಿಸಮವಾಗಿದ್ದವು. ಮನೆಯವರು ಎಷ್ಟೇ ಓದಿಕೊಂಡವರಾಗಿದ್ದರೂ ಅವರ ದಿನಬಳಕೆಯ ಮಾತು ಬೇಕಾದ ಕೆಲವೇ ಪದಗಳಲ್ಲಿ ಸುತ್ತುತ್ತಿರುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಕಣಿವೆ, ಹೊಂಚು, ಮಿಣುಕು, ಹಂಬಲ, ಗದ್ಗದ ಮುಂತಾದ ಪದಗಳು ಸಾಮಾನ್ಯ ಸಂಜೆಯೊಂದರ ಮಾತಿನಲ್ಲಿ ಬರಬೇಕಾದರೆ ಆ ಮನೆಯಲ್ಲಿ ವಿಶೇಷವಾದದ್ದೇನೋ ನಡೆದಿರಬೇಕು. ಕಥೆಯ ಪುಸ್ತಕದಲ್ಲಿ ಅವು ಎರಡು ಪುಟಗಳಲ್ಲಿಯೇ ಬಂದುಹೋಗುತ್ತವೆ.

ಪದಗಳಿಗಿಂತ ಹೆಚ್ಚಿನದು ವಾಕ್ಯದ ಲಯ. ಅದನ್ನು ಕಿವಿ ಎಷ್ಟು ಬೇಗ ಹಿಡಿಯುತ್ತದೆ ಎಂಬುದಕ್ಕೆ 1986ರಲ್ಲಿ ಡಿಕ್ಯಾಸ್ಪರ್ ಮತ್ತು ಸ್ಪೆನ್ಸ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನ ಒಳ್ಳೆಯ ಸಾಕ್ಷಿ. ಗರ್ಭಿಣಿಯರು ಕೊನೆಯ ಆರು ವಾರಗಳಲ್ಲಿ ಮಕ್ಕಳ ಕಥೆಯ ಒಂದು ಭಾಗವನ್ನು ದಿನವೂ ಗಟ್ಟಿಯಾಗಿ ಓದಿದರು. ಹುಟ್ಟಿದ ಶಿಶುಗಳ ಬಾಯಿಗೆ ಚೀಪುವ ತೊಟ್ಟನ್ನು ಕೊಟ್ಟು, ಚೀಪುವ ಗತಿಗೆ ತಕ್ಕಂತೆ ಆ ಕಥೆಯೋ ಬೇರೊಂದು ಕಥೆಯೋ ಕೇಳಿಸುವ ವ್ಯವಸ್ಥೆ ಮಾಡಿದಾಗ, ಹೊಟ್ಟೆಯಲ್ಲಿದ್ದಾಗ ಕೇಳಿದ್ದ ಕಥೆ ಮತ್ತೆ ಕೇಳಿಬರುವಂತೆ ಶಿಶುಗಳು ತಮ್ಮ ಗತಿಯನ್ನು ಬದಲಿಸಿಕೊಂಡವು. ಓದುವ ದನಿ ತಾಯಿಯದಲ್ಲದೆ ಬೇರೊಬ್ಬ ಹೆಂಗಸಿನದಾಗಿದ್ದಾಗಲೂ ಹಾಗೆಯೇ ಮಾಡಿದವು. ಅವುಗಳಿಗೆ ಅರ್ಥವಾಗಿದ್ದು ಒಂದು ಪದವೂ ಇಲ್ಲ. ಉಳಿದಿದ್ದು ಏರಿಳಿತ, ನಿಲುಗಡೆ, ಪ್ರಾಸ. ಒಳ್ಳೆಯ ಗದ್ಯ ಬರೆಯುವವರನ್ನು ವಿಚಾರಿಸಿದರೆ ಅವರು ಕೂಡ ವಾಕ್ಯವೊಂದು ಸರಿಯಾಯಿತೋ ಇಲ್ಲವೋ ಎಂಬುದನ್ನು ವ್ಯಾಕರಣಕ್ಕಿಂತ ಮೊದಲು ಕಿವಿಯಿಂದಲೇ ತಿಳಿಯುತ್ತಾರೆ.

ಕಲ್ಪನೆಯ ವಿಷಯಕ್ಕೆ ಬರುತ್ತೇನೆ. ‘ಕಾಡಿನ ನಡುವೆ ಒಂದು ಹಾಳು ಮನೆಯಿತ್ತು, ಅದರ ಒಂದೇ ಒಂದು ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು’ ಎಂದು ಓದಿ ಹೇಳಿದೆವೆನ್ನೋಣ. ಕಾಡು ಎಷ್ಟು ದಟ್ಟ, ಮನೆಗೆ ಮಾಡು ಉಳಿದಿದೆಯೇ, ಕಿಟಕಿ ಎಡಕ್ಕೋ ಬಲಕ್ಕೋ ಎಂಬುದೊಂದನ್ನೂ ವಾಕ್ಯ ಹೇಳಿಲ್ಲ. ಕೇಳಿದ ಮಗು ಅವೆಲ್ಲವನ್ನೂ ತಾನೇ ಒದಗಿಸಿಕೊಳ್ಳುತ್ತದೆ, ಅದೂ ಕ್ಷಣಮಾತ್ರದಲ್ಲಿ, ತಾನು ಏನನ್ನೋ ಮಾಡುತ್ತಿದ್ದೇನೆಂಬ ಅರಿವೂ ಇಲ್ಲದೆ. ಒಂದೇ ಹಾಸಿಗೆಯಲ್ಲಿ ಮಲಗಿ ಒಂದೇ ಕಥೆ ಕೇಳಿದ ಅಕ್ಕತಮ್ಮಂದಿರನ್ನು ಮರುದಿನ ಆ ಮನೆಯ ಚಿತ್ರ ಬಿಡಿಸಲು ಹೇಳಿ ನೋಡಿ. ಎರಡು ಬೇರೆ ಬೇರೆ ಮನೆಗಳು ಸಿಗುತ್ತವೆ. ಅದೇ ಕಥೆಯನ್ನು ಪರದೆಯ ಮೇಲೆ ನೋಡಿದವರಾದರೆ ಇಬ್ಬರೂ ಒಂದೇ ಮನೆಯನ್ನು ಬರೆಯಲು ಹೆಣಗುತ್ತಾರೆ. ಇನ್ನು ‘ಆ ದೀಪ ಹಚ್ಚಿದ್ದು ಯಾರು?’ ಎಂದು ಹೊದಿಕೆಯ ಒಳಗಿನಿಂದ ಕೇಳಿದ ಮಗು ಆಗಲೇ ಮುಂದಿನ ವಾಕ್ಯವನ್ನು ಕಟ್ಟತೊಡಗಿದೆಯೆಂದೇ ಅರ್ಥ.

ಹಗಲಿಗಿಂತ ರಾತ್ರಿಯ ಓದು ಇದಕ್ಕೆ ಹೆಚ್ಚು ಅನುಕೂಲ. ಆಗ ನೋಡಲು ಬೇರೇನೂ ಇರುವುದಿಲ್ಲ. ಆಟ ಮುಗಿದಿರುತ್ತದೆ, ದೇಹ ದಣಿದಿರುತ್ತದೆ, ಎಲ್ಲಿಗೂ ಹೋಗಬೇಕಾಗಿಲ್ಲ. ದೊಡ್ಡವರಿಗೂ ಅದು ದಿನದ ಕೆಲಸಗಳಿಂದ ಕೈಬಿಡಿಸಿಕೊಂಡ ಹೊತ್ತು. ನಿದ್ದೆಯೂ ತನ್ನ ಪಾಲಿನ ಕೆಲಸ ಮಾಡುತ್ತದೆ: ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಥೆ ಕೇಳಿದ ಬಳಿಕ ಮಧ್ಯಾಹ್ನದ ನಿದ್ದೆ ಮಾಡಿದ ಮೂರು ವರ್ಷದ ಮಕ್ಕಳು ಎಚ್ಚರವಾಗಿಯೇ ಉಳಿದ ಮಕ್ಕಳಿಗಿಂತ ಹೊಸ ಪದಗಳನ್ನು ಚೆನ್ನಾಗಿ ಉಳಿಸಿಕೊಂಡಿದ್ದರು. ಹಗಲಿನ ಜೋಂಪಿಗೇ ಇಷ್ಟು ಫಲವಿದ್ದರೆ ರಾತ್ರಿಯ ನಿದ್ದೆಯನ್ನು ಕಡೆಗಣಿಸುವಂತಿಲ್ಲ ಎಂದು ನನ್ನ ಎಣಿಕೆ.

ಮಿದುಳಿನ ಚಿತ್ರಣದ ಅಧ್ಯಯನಗಳೂ ಈಚೆಗೆ ಬಂದಿವೆ. ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಜಾನ್ ಹಟನ್ ಮತ್ತು ಸಂಗಡಿಗರು 3ರಿಂದ 5 ವರ್ಷದ 19 ಮಕ್ಕಳಿಗೆ ಸ್ಕ್ಯಾನಿಂಗ್ ಯಂತ್ರದೊಳಗೆ ಕಥೆಗಳನ್ನು ಕೇಳಿಸಿ ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಮನೆಯಲ್ಲಿ ಹೆಚ್ಚು ಓದಿ ಹೇಳಿಸಿಕೊಂಡಿದ್ದ ಮಕ್ಕಳಲ್ಲಿ, ಕೇಳಿದ್ದನ್ನು ಅರ್ಥಕ್ಕೂ ಮನಸ್ಸಿನ ಚಿತ್ರಕ್ಕೂ ಜೋಡಿಸುವ ಎಡಭಾಗದ ಪ್ರದೇಶ ಹೆಚ್ಚು ಚುರುಕಾಗಿ ಕೆಲಸ ಮಾಡುತ್ತಿತ್ತು. ಆಗ ಅವರಿಗೆ ತೋರಿಸಿದ ಚಿತ್ರ ಒಂದೂ ಇರಲಿಲ್ಲ, ಕೇಳಿಸಿದ್ದು ದನಿ ಮಾತ್ರ ಎಂಬುದನ್ನು ಗಮನಿಸಬೇಕು. ಅದೇ ತಂಡ 2018ರಲ್ಲಿ 27 ಮಕ್ಕಳಿಗೆ ಒಬ್ಬನೇ ಲೇಖಕನ ಕಥೆಗಳನ್ನು ದನಿಯಾಗಿ ಮಾತ್ರ, ಸ್ಥಿರಚಿತ್ರಗಳ ಜೊತೆಗೆ ಮತ್ತು ಚಲಿಸುವ ಚಿತ್ರವಾಗಿ ಹೀಗೆ ಮೂರು ಬಗೆಯಲ್ಲಿ ಕೊಟ್ಟು ನೋಡಿತು. ಚಲಿಸುವ ಚಿತ್ರ ಕಣ್ಣಿನ ಕೆಲಸವನ್ನು ಹೆಚ್ಚಿಸಿ ಭಾಷೆ ಮತ್ತು ಕಲ್ಪನೆಯ ಜಾಲಗಳ ನಡುವಿನ ಸಂಪರ್ಕವನ್ನು ತಗ್ಗಿಸಿತ್ತು. ಚಿತ್ರಪುಸ್ತಕದ ರೀತಿಯಲ್ಲಿ ಎಲ್ಲವೂ ಕೂಡಿ ಕೆಲಸ ಮಾಡಿದ್ದವು. ಮಕ್ಕಳ ಸಂಖ್ಯೆ ಸಣ್ಣದು, ಆದ್ದರಿಂದ ಇದನ್ನೇ ಕೊನೆಯ ಮಾತೆಂದು ಹೇಳುವಂತಿಲ್ಲ. ಆದರೂ ಕಥೆ ಓದಿ ಹೇಳಿದ ಯಾವ ತಾಯಿಗೂ ಇದು ಅನಿರೀಕ್ಷಿತವೆನಿಸುವುದಿಲ್ಲ.

ಇಲ್ಲಿ ಪೋಷಕರಿಗೆ ಅತ್ಯಂತ ಬೇಸರ ತರಿಸುವ ಸಂಗತಿಯೊಂದನ್ನು ಎತ್ತಿಕೊಳ್ಳುತ್ತೇನೆ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ. ಮಕ್ಕಳು ಅದೇ ಕಥೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಮನೆಯಲ್ಲಿ ಹೊಸ ಪುಸ್ತಕಗಳು ಸಾಲಾಗಿ ಕಾದಿದ್ದರೂ ಮೂಲೆ ಸವೆದುಹೋದ ಹಳೆಯದನ್ನೇ ಹಿಡಿದು ಬರುತ್ತಾರೆ. ಓದುವವರು ನಿದ್ದೆಗಣ್ಣಿನಲ್ಲಿ ಒಂದು ಸಾಲು ಹಾರಿಸಿದರೆ, ಮಲಗಿದೆಯೆಂದುಕೊಂಡಿದ್ದ ಮಗು ತಟ್ಟನೆ ಎದ್ದು ಆ ಸಾಲನ್ನು ತಾನೇ ಹೇಳುತ್ತದೆ. ಇಂಗ್ಲಿಷ್ ಲೇಖಕ ರಡ್ಯಾರ್ಡ್ ಕಿಪ್ಲಿಂಗ್ ತನ್ನ ಮಗಳು ಜೋಸೆಫೀನಳನ್ನು ಮಲಗಿಸಲು ಹೇಳುತ್ತಿದ್ದ ಕಥೆಗಳ ಬಗ್ಗೆ ಇದನ್ನೇ ಬರೆದಿದ್ದಾನೆ: ಆ ಕಥೆಗಳಲ್ಲಿ ಒಂದು ಪದವನ್ನೂ ಬದಲಿಸುವಂತಿರಲಿಲ್ಲ, ಹೇಗಿದ್ದವೋ ಹಾಗೆಯೇ ಹೇಳಬೇಕಿತ್ತು. ಆ ಮಗು 1899ರಲ್ಲಿ, ಆರನೆಯ ವಯಸ್ಸಿಗೇ ತೀರಿಕೊಂಡಿತು. ಕಥೆಗಳು 1902ರಲ್ಲಿ ಪುಸ್ತಕವಾದಾಗ ‘ಜಸ್ಟ್ ಸೋ ಸ್ಟೋರೀಸ್’ ಎಂಬ ಅದರ ಶೀರ್ಷಿಕೆಯಲ್ಲಿ ‘ಹೀಗೆಯೇ’ ಎಂಬ ಆ ಮಗುವಿನ ಹಟವೇ ಉಳಿಯಿತು. ಇನ್ನೊಬ್ಬ ಇಂಗ್ಲಿಷ್ ಲೇಖಕ ಟೋಲ್ಕಿನ್ನನ ಮನೆಯಲ್ಲಿಯೂ ಇಂಥದೇ ಪ್ರಸಂಗ ನಡೆದಿದೆ. 1937ರಲ್ಲಿ ‘ದಿ ಹಾಬಿಟ್’ ಎಂದು ಪ್ರಕಟವಾದ ಕಥೆಯನ್ನು ಆತ ಅದಕ್ಕೂ ಮೊದಲು ತನ್ನ ಮಕ್ಕಳಿಗೆ ಹೇಳುತ್ತಿದ್ದಾಗ, ನಾಲ್ಕೈದು ವರ್ಷದ ಮಗ ಕ್ರಿಸ್ಟೊಫರ್ ನಡುವೆ ಬಾಯಿ ಹಾಕಿ, ಹಿಂದಿನ ಸಲ ಮನೆಯ ಬಾಗಿಲಿಗೆ ಬೇರೆ ಬಣ್ಣ ಹೇಳಿದ್ದಿರಿ ಎಂದು ತಕರಾರು ತೆಗೆದ. ತಂದೆ ಗೊಣಗುತ್ತಲೇ ಎದ್ದು ಹೋಗಿ ಅದನ್ನು ಬರೆದಿಟ್ಟುಕೊಂಡ. ಮುಂದೆ ಆ ಮಗನೇ ತಂದೆಯ ಬರಹಗಳ ಸಂಪಾದಕನಾದ. ಸಂಪಾದಕರಾದ ತಮಗೆ ಇದು ಸಂತೋಷ ಕೊಡಬಹುದು.

ಮಗು ಹೀಗೇಕೆ ಮಾಡುತ್ತದೆ? ಮೊದಲ ಸಲ ಕೇಳುವಾಗ ಅದರ ಗಮನವೆಲ್ಲ ‘ಮುಂದೇನಾಯಿತು’ ಎಂಬುದರ ಮೇಲಿರುತ್ತದೆ. ಆಗುವುದೇನೆಂಬುದು ತಿಳಿದ ಮೇಲೆಯೇ ಆಗುವ ಬಗೆಯನ್ನು ಆಲಿಸಲು ಅದಕ್ಕೆ ಬಿಡುವು ಸಿಗುತ್ತದೆ. ಮೂರನೆಯ ಸಲ, ಹತ್ತನೆಯ ಸಲ ಕೇಳುವ ಹೊತ್ತಿಗೆ ಯಾವ ಪದ ಎಲ್ಲಿ ಬೀಳುತ್ತದೆ, ಯಾವ ವಾಕ್ಯ ಚಿಕ್ಕದಾಗಿ ನಿಂತು ಎದೆ ಝಲ್ಲೆನಿಸುತ್ತದೆ, ಯಾವುದು ನಿಧಾನವಾಗಿ ಹರಿದು ಸಮಾಧಾನ ತರುತ್ತದೆ ಎಂಬುದೆಲ್ಲ ಅದಕ್ಕೆ ಗೊತ್ತಿರುತ್ತದೆ. ಬರೆಯುವವನಿಗೆ ಬೇಕಾದ ತಿಳಿವಳಿಕೆ ಇದೇ ತಾನೆ. ಸಸೆಕ್ಸ್‌ನ ಸಂಶೋಧಕರು 2011ರಲ್ಲಿ ಇದರ ಒಂದು ಮುಖವನ್ನು ಪರೀಕ್ಷಿಸಿದರು. ಮೂರು ವರ್ಷದ ಮಕ್ಕಳಲ್ಲಿ ಒಂದು ಗುಂಪಿಗೆ ಅದೇ ಕಥೆಗಳನ್ನು ಮರುಮರಳಿ ಓದಿದರು, ಇನ್ನೊಂದಕ್ಕೆ ಬೇರೆ ಬೇರೆ ಕಥೆಗಳನ್ನು ಓದಿದರು. ಹೊಸ ಪದಗಳು ಎರಡೂ ಗುಂಪಿನ ಕಿವಿಗೆ ಬಿದ್ದದ್ದು ಅಷ್ಟೇ ಸಲ. ಅದೇ ಕಥೆಗಳನ್ನು ಕೇಳಿದ ಗುಂಪೇ ಆ ಪದಗಳನ್ನು ಹೆಚ್ಚು ಕಲಿಯಿತು. ಆದ್ದರಿಂದ ‘ಇದನ್ನು ಓದಿ ಆಯಿತಲ್ಲ, ಬೇರೆಯದನ್ನು ತಾ’ ಎಂದು ಹೇಳುವ ಮುನ್ನ ದೊಡ್ಡವರು ತುಸು ತಾಳ್ಮೆ ತೋರಬೇಕೆಂದು ನನ್ನ ವಿನಂತಿ.

ಕೇಳುವುದರಿಂದ ಬರೆಯುವುದಕ್ಕೆ ದಾಟುವ ಹಾದಿ ತರಗತಿಯಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ನನ್ನ ಅನುಭವದಿಂದ ಹೇಳಬಲ್ಲೆ. ‘ಒಂದು ಮಳೆಯ ದಿನ’ ಎಂಬ ವಿಷಯ ಕೊಟ್ಟರೆ ಹೆಚ್ಚಿನ ಮಕ್ಕಳು ಮಳೆ ಬಂತು, ಕೊಡೆ ತೆಗೆದುಕೊಂಡೆ, ಶಾಲೆಗೆ ಹೋದೆ, ರಜೆ ಕೊಟ್ಟರು ಎಂದು ಒಂದರ ಕೆಳಗೊಂದು ವಾಕ್ಯವನ್ನು ಜೋಡಿಸುತ್ತಾರೆ. ವ್ಯಾಕರಣದ ತಪ್ಪಿಲ್ಲ, ಆದರೆ ಯಾವ ವಾಕ್ಯಕ್ಕೂ ಮುಂದಿನದರ ಗೊಡವೆಯಿಲ್ಲ. ಅವರ ನಡುವೆ ಒಬ್ಬಳು ‘ಕೊಡೆ ಬಿಚ್ಚಬೇಕು, ಅಷ್ಟರಲ್ಲಿ’ ಎಂದು ಬರೆದಿರುತ್ತಾಳೆ. ಅಷ್ಟರಲ್ಲಿ, ಆದರೂ, ಹಾಗಿದ್ದರೆ, ಇದ್ದಕ್ಕಿದ್ದಂತೆ ಎಂಬ ಸೇರುವೆಗಳನ್ನು ಯಾವ ಶಿಕ್ಷಕನೂ ಪಟ್ಟಿ ಮಾಡಿ ಕಲಿಸಿ ಯಶಸ್ಸು ಕಂಡದ್ದನ್ನು ನಾನು ನೋಡಿಲ್ಲ. ಅವು ಕಥೆ ಕೇಳಿದ ಮಕ್ಕಳ ಕೈಗೆ ತಾವಾಗಿಯೇ ಬರುತ್ತವೆ. ಒಂದು ಸಂಗತಿ ಇನ್ನೊಂದನ್ನು ತಡೆಯುತ್ತದೆ, ತಳ್ಳುತ್ತದೆ, ಮರೆಮಾಡುತ್ತದೆ ಎಂಬುದು ಮನಸ್ಸಿಗೆ ಹೊಳೆದಾಗಲೇ ಆ ಸೇರುವೆಗಳ ಅಗತ್ಯ ಬೀಳುವುದು. ಹಾಗೆ ಬರೆದವರನ್ನು ಕರೆದು ವಿಚಾರಿಸಿದಾಗಲೆಲ್ಲ ಮನೆಯಲ್ಲಿ ಓದಿ ಹೇಳುವವರೋ ಕಥೆ ಕಟ್ಟಿ ಹೇಳುವವರೋ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು ಎಂದರೆ ಅತಿಶಯೋಕ್ತಿಯಾದೀತು. ಬಹುಪಾಲು ಇರುತ್ತಿದ್ದರು ಎಂದರೆ ತಪ್ಪಾಗದು.

ಕೊಂಚ ದೊಡ್ಡ ಮಕ್ಕಳಿಗೆ ಅಧ್ಯಾಯಗಳಾಗಿ ಹರಡಿದ ಕಥೆಯನ್ನು ಓದುವಾಗ ಇನ್ನೊಂದು ಲಾಭವಿದೆ. ನಾಯಕಿ ಬಾವಿಯೊಳಗೆ ಇಣುಕಿದಳು ಎಂಬಲ್ಲಿಗೆ ಪುಸ್ತಕ ಮುಚ್ಚಿ ದೀಪ ಆರಿಸಿದರೆ, ನಿದ್ದೆ ಬರುವ ತನಕ ಮಗು ಸುಮ್ಮನಿರುವುದಿಲ್ಲ. ಬಾವಿಯಲ್ಲಿ ಏನಿರಬಹುದು ಎಂದು ಎರಡು ಮೂರು ಬಗೆಯಲ್ಲಿ ಕಟ್ಟಿ ನೋಡುತ್ತದೆ. ಮರುರಾತ್ರಿ ಲೇಖಕ ಬೇರೆಯದನ್ನೇ ಹೇಳಿದಾಗ ‘ನನ್ನದೇ ಚೆನ್ನಾಗಿತ್ತು’ ಎಂದು ಮುನಿಸಿಕೊಳ್ಳುವ ಮಕ್ಕಳಿದ್ದಾರೆ. ಆ ಮುನಿಸನ್ನು ನಾನು ತುಂಬ ಗೌರವಿಸುತ್ತೇನೆ. ಕಥೆ ಯಾರೋ ಒಬ್ಬರು ಕಟ್ಟಿದ್ದು, ಬೇರೆ ರೀತಿಯಲ್ಲಿಯೂ ಕಟ್ಟಬಹುದಾಗಿತ್ತು, ತಾನೂ ಕಟ್ಟಬಲ್ಲೆ ಎಂಬ ಅರಿವು ಅದರಲ್ಲಿದೆ.

ಆ ಅರಿವು ಕಾಗದದ ಮೇಲೆ ಇಳಿದದ್ದಕ್ಕೆ ಇಂಗ್ಲೆಂಡಿನ ಬ್ರಾಂಟೆ ಕುಟುಂಬದ ಮಕ್ಕಳಿಗಿಂತ ಸೊಗಸಾದ ಉದಾಹರಣೆ ಸಿಗಲಾರದು. 1826ರಲ್ಲಿ ಅವರ ತಂದೆ ಮರದ ಹನ್ನೆರಡು ಆಟದ ಸಿಪಾಯಿಗಳನ್ನು ತಂದುಕೊಟ್ಟರು. ಷಾರ್ಲೆಟ್, ಬ್ರಾನ್‌ವೆಲ್, ಎಮಿಲಿ ಮತ್ತು ಆ್ಯನ್ ಆ ಸಿಪಾಯಿಗಳಿಗೆ ಹೆಸರಿಟ್ಟರು, ದೇಶಗಳನ್ನು ಕಟ್ಟಿದರು, ಕೊನೆಗೆ ಅವು ಹಿಡಿದು ಓದಲು ಸಾಧ್ಯವಾಗುವಷ್ಟು ಚಿಕ್ಕದಾದ ಪುಸ್ತಕಗಳನ್ನೇ ಕೈಯಿಂದ ಬರೆದು ಹೊಲಿದರು. ಮನೆಕೆಲಸದ ಟ್ಯಾಬಿ ಎಂಬ ವೃದ್ಧೆ ಆ ಮಕ್ಕಳಿಗೆ ಕಥೆ ಹೇಳುತ್ತಿದ್ದಳು. ತಂದೆ ಪತ್ರಿಕೆಗಳ ಸುದ್ದಿಯನ್ನು ಅವರೊಂದಿಗೆ ಹಂಚಿಕೊಂಡು ಚರ್ಚಿಸುತ್ತಿದ್ದರು. ಅಂಗೈಯೊಳಗೆ ಅಡಗುವ ಆ ಪುಸ್ತಕಗಳಲ್ಲಿ ಕೆಲವು ದೊಡ್ಡವರ ಮಾಸಪತ್ರಿಕೆಯ ಅಚ್ಚುಕಟ್ಟಾದ ಅನುಕರಣೆಗಳು, ಜಾಹೀರಾತುಗಳೂ ಅವುಗಳಲ್ಲಿವೆ. 1847ರಲ್ಲಿ ಮೂವರು ಸೋದರಿಯರ ಕಾದಂಬರಿಗಳು ಒಂದೇ ವರ್ಷ ಬೆಳಕು ಕಂಡಾಗ ಓದುಗರಿಗೆ ಅವರು ಹೊಸಬರು. ಆದರೆ ಅಷ್ಟರಲ್ಲಿ ಅವರು ಇಪ್ಪತ್ತು ವರ್ಷಗಳಿಂದ ಬರೆಯುತ್ತಿದ್ದರು.

ಓದು ಬಾರದ ಹಿರಿಯರಿರುವ ಮನೆಗಳಲ್ಲಿ ಏನು ಮಾಡಬೇಕು ಎಂದು ಯಾರಾದರೂ ಕೇಳಬಹುದು. ಪುಷ್ಕಿನ್‌ನ ಬದುಕಿನಲ್ಲಿ ಇದಕ್ಕೆ ಒಂದು ಉತ್ತರವಿದೆ. ಫ್ರೆಂಚ್ ಮಾತನಾಡುವ ಶ್ರೀಮಂತ ರಷ್ಯನ್ ಮನೆತನದಲ್ಲಿ 1799ರಲ್ಲಿ ಹುಟ್ಟಿದ ಆತನಿಗೆ ಜನರ ಭಾಷೆಯ ಕಥೆಗಳು ದೊರೆತದ್ದು ಅರೀನಾ ರೊಡಿಯೊನೊವ್ನಾ ಎಂಬ ದಾದಿಯಿಂದ. ಜೀತದ ಕುಟುಂಬದಲ್ಲಿ ಹುಟ್ಟಿದ ಆಕೆಗೆ ಅಕ್ಷರ ಗೊತ್ತಿರಲಿಲ್ಲ. 1824ರಲ್ಲಿ ಗಡಿಪಾರಾಗಿ ಹಳ್ಳಿಯ ಮನೆಯಲ್ಲಿದ್ದಾಗ, ಸಂಜೆಯ ಹೊತ್ತು ಕಥೆಗಳನ್ನು ಕೇಳಿ ತನ್ನ ಶಿಕ್ಷಣದ ಕೊರತೆಗಳನ್ನು ತುಂಬಿಕೊಳ್ಳುತ್ತಿದ್ದೇನೆ, ಒಂದೊಂದು ಕಥೆಯೂ ಒಂದೊಂದು ಕಾವ್ಯ ಎಂಬ ಅರ್ಥದಲ್ಲಿ ಆತ ತಮ್ಮನಿಗೆ ಪತ್ರ ಬರೆದ. ಆಗ ಆತನಿಗೆ ಇಪ್ಪತ್ತೈದು ವರ್ಷ, ಹೆಸರಾದ ಕವಿ. ಪುಸ್ತಕದ ವಾಕ್ಯವನ್ನು ಬಾಯಿಕಥೆ ಪೂರ್ತಿಯಾಗಿ ಕೊಡಲಾರದು ನಿಜ, ಆದರೆ ಕಥೆಯ ಕಟ್ಟು, ಪುನರುಕ್ತಿಯ ಸೊಗಸು, ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಇವನ್ನೆಲ್ಲ ಅದು ಧಾರಾಳವಾಗಿ ಕೊಡುತ್ತದೆ. ಪದಗಳಿಲ್ಲದ ಚಿತ್ರಪುಸ್ತಕಗಳನ್ನು ಹಿಡಿದು ಅಕ್ಷರ ಬಾರದ ಅಜ್ಜಿಯೂ ಮೊಮ್ಮಗುವೂ ಸೇರಿ ಕಥೆ ಕಟ್ಟಬಹುದು; ಅಣ್ಣನೋ ಅಕ್ಕನೋ ಅಜ್ಜಿಗೂ ತಂಗಿಗೂ ಸೇರಿಸಿ ಓದಿ ಹೇಳಬಹುದು.

ಹೇಳುವವರಿಗೂ ಇದರಲ್ಲಿ ಪಾಲಿದೆ. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್‌ಳ ಏಳು ವರ್ಷದ ಮಗಳು 1941ರಲ್ಲಿ ಕಾಯಿಲೆ ಬಿದ್ದು ಮಲಗಿದ್ದಾಗ, ಆ ಕ್ಷಣಕ್ಕೆ ಬಾಯಿಗೆ ಬಂದ ‘ಪಿಪ್ಪಿ’ ಎಂಬ ವಿಚಿತ್ರ ಹೆಸರನ್ನು ಹೇಳಿ ಅವಳ ಕಥೆ ಬೇಕೆಂದಳು. ಹೆಸರು ವಿಚಿತ್ರವಾದ್ದರಿಂದ ತಾಯಿ ಹುಡುಗಿಯನ್ನೂ ವಿಚಿತ್ರವಾಗಿಯೇ ಕಲ್ಪಿಸಿಕೊಂಡಳು. ಅದು ಪುಸ್ತಕವಾದದ್ದು 1945ರಲ್ಲಿ. ಆ ಮಗು ಕಥೆ ಕೇಳದೆ ಹೋಗಿದ್ದರೆ ಕಚೇರಿಯಲ್ಲಿ ದುಡಿದು ಮನೆ ನೋಡಿಕೊಳ್ಳುತ್ತಿದ್ದ ಆ ತಾಯಿ ಲೇಖಕಿಯಾಗುತ್ತಿದ್ದಳೋ ಇಲ್ಲವೋ.

ಆದರೆ ಇಷ್ಟನ್ನು ಹೇಳಿದ ಮೇಲೆ, ಮಲಗುವಾಗ ಓದಿ ಹೇಳಿದರೆ ಸಾಕು, ಮಗು ಲೇಖಕನಾಗುತ್ತದೆ ಎಂದು ಯಾರೂ ಭಾವಿಸಬಾರದು. ದೊಡ್ಡ ಲೇಖಕರ ಉದಾಹರಣೆಗಳನ್ನು ಆರಿಸಿಕೊಂಡು ವಾದ ಹೂಡುವುದು ಸುಲಭ. ರಾತ್ರಿಯಿಡೀ ಕಥೆ ಕೇಳಿಯೂ ಬದುಕಿನಲ್ಲಿ ಒಂದು ಪತ್ರವನ್ನೂ ಬರೆಯದವರ ಹೆಸರುಗಳು ನಮಗೆ ಸಿಗುವುದಿಲ್ಲ. ಓದಿ ಹೇಳುವ ಮನೆಗಳಲ್ಲಿ ಸಾಮಾನ್ಯವಾಗಿ ಪುಸ್ತಕಗಳಿರುತ್ತವೆ, ಬಿಡುವಿರುತ್ತದೆ, ಮಗುವಿನೊಡನೆ ಕೂತು ಮಾತನಾಡುವ ಮನಸ್ಸಿರುತ್ತದೆ. ಇವುಗಳಲ್ಲಿ ಯಾವುದರ ಫಲ ಎಷ್ಟು ಎಂದು ಬಿಡಿಸಿ ಹೇಳುವುದು ಸಂಶೋಧಕರಿಗೂ ಕಷ್ಟ. ಎರಡು ಪಾಳಿ ದುಡಿದು ಬರುವ ತಾಯಿಗೆ ‘ನೀವು ಓದಿ ಹೇಳುತ್ತಿಲ್ಲ’ ಎಂದು ಬೋಧಿಸುವುದು ನನ್ನ ಉದ್ದೇಶವೂ ಅಲ್ಲ. ವಾರಕ್ಕೆ ಎರಡು ರಾತ್ರಿ ಸಾಧ್ಯವಾದರೆ ಎರಡೇ ರಾತ್ರಿ ಸಾಕು. ತಂದೆಯಂದಿರು ಈ ಕೆಲಸವನ್ನು ತಾಯಂದಿರ ಪಾಲಿಗೆ ಬಿಟ್ಟು ಕೈಕಟ್ಟಿ ಕೂರುವುದು ಮಾತ್ರ ನನಗೆ ಸರಿಕಾಣುವುದಿಲ್ಲ.

ಮಾಡುವ ಬಗೆಯ ವಿಷಯದಲ್ಲಿ ಎರಡು ಮಾತು. ಓದುತ್ತ ಓದುತ್ತ ಮಗುವನ್ನು ಪ್ರಶ್ನಿಸಿ ಮಾತನಾಡಿಸುವ ಪದ್ಧತಿಯೊಂದಿದೆ; ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಅದನ್ನು ಪರೀಕ್ಷಿಸಿ, ಮಕ್ಕಳ ಮಾತಿನ ಶಕ್ತಿ ಅದರಿಂದ ಬೆಳೆಯುತ್ತದೆ ಎಂದು ತೋರಿಸಿದರು. ಅದರ ಉಪಯೋಗವನ್ನು ನಾನು ಒಪ್ಪುತ್ತೇನೆ, ಆದರೆ ಅದು ಹಗಲಿಗೆ ಇರಲಿ ಎನ್ನುತ್ತೇನೆ. ಪ್ರತಿ ತುತ್ತಿಗೂ ‘ಇದರಲ್ಲಿ ಏನೇನು ಹಾಕಿದೆ, ಹೇಳು’ ಎಂದು ಕೇಳುತ್ತ ಉಣಿಸಿದರೆ ಯಾರಿಗೂ ಊಟ ರುಚಿಸುವುದಿಲ್ಲ. ಕಥೆ ಮುಗಿದೊಡನೆ ‘ಇದರಿಂದ ನೀನು ಏನು ಕಲಿತೆ’ ಎಂದು ಕೇಳುವ ಅಭ್ಯಾಸ ಇನ್ನೂ ಕೆಟ್ಟದ್ದು. ಹಾಗೆ ಕೇಳಿದಾಗ ಮಗು ಕಲಿಯುವುದು ಕಥೆ ಎಂದರೆ ಪಾಠದ ಇನ್ನೊಂದು ಹೆಸರು ಎಂಬುದನ್ನು. ಮಗು ತಾನಾಗಿ ಕೇಳಿದ ಪ್ರಶ್ನೆಗೆ ಉತ್ತರಿಸಿದರೆ ಸಾಕು. ಹೆದರಿಕೆಯ ಕಥೆ ಬೇಡವೆಂದು ರಾಕ್ಷಸನನ್ನು ಕಥೆಯಿಂದಲೇ ತೆಗೆದುಹಾಕುವವರಿದ್ದಾರೆ. ಪಕ್ಕದಲ್ಲಿ ಬೆಚ್ಚಗಿನ ತೋಳಿರುವಾಗ ಹೆದರಿ ನೋಡುವುದು, ಇನ್ನೊಬ್ಬರ ದುಃಖಕ್ಕೆ ಅಳುವುದು ಮಗುವಿಗೆ ಬೇಕಾದ ಅನುಭವವೇ. ಅತಿಯಾದರೆ ಅದರ ಮುಖವೇ ಹೇಳುತ್ತದೆ.

ಮತ್ತೊಂದು ಮಾತು, ಅಕ್ಷರ ಕಲಿತೊಡನೆ ಓದಿ ಹೇಳುವುದನ್ನು ನಿಲ್ಲಿಸಬಾರದು. ‘ಇನ್ನು ನೀನೇ ಓದಿಕೋ’ ಎಂದು ಪುಸ್ತಕವನ್ನು ಕೈಗಿತ್ತು ಎದ್ದುಹೋಗುವ ಹೊತ್ತಿಗೆ ಮಗು ಕಾಗುಣಿತ, ಒತ್ತಕ್ಷರಗಳ ಜೊತೆ ಗುದ್ದಾಡುತ್ತಿರುತ್ತದೆ. ಆ ವಯಸ್ಸಿನಲ್ಲಿ ಅದು ಕೇಳಿ ಸವಿಯಬಲ್ಲ ಕಥೆ ತಾನೇ ಓದಬಲ್ಲ ಕಥೆಗಿಂತ ಬಹಳ ಮುಂದಿರುತ್ತದೆ, ಮತ್ತು ಈ ಅಂತರ ಮುಚ್ಚಲು ವರ್ಷಗಳೇ ಬೇಕು. ಅದುವರೆಗೆ ಕಿವಿಗೆ ಸಿಗುತ್ತಿದ್ದ ದೊಡ್ಡ ಕಥೆಗಳು ಥಟ್ಟನೆ ನಿಂತು, ಕಣ್ಣಿಗೆ ಮೂರು ಪದಗಳ ವಾಕ್ಯಗಳು ಮಾತ್ರ ಉಳಿದಾಗ, ಓದು ಎಂದರೆ ಶಿಕ್ಷೆ ಎಂದು ಮಗುವಿಗೆ ಅನಿಸಿದರೆ ಅದರಲ್ಲಿ ಆಶ್ಚರ್ಯವೇನು? ಹತ್ತು ಹನ್ನೆರಡು ವರ್ಷದವರೆಗೂ ಓದಿ ಹೇಳಬಹುದು. ಒಂದು ಪುಟ ನೀನು, ಒಂದು ಪುಟ ನಾನು ಎಂದು ಹಂಚಿಕೊಳ್ಳಲೂಬಹುದು. ಧ್ವನಿಮುದ್ರಿತ ಕಥೆಗಳು ಪ್ರಯಾಣಕ್ಕೆ ಒಳ್ಳೆಯವು, ಆದರೆ ‘ತಡೀರಿ, ಅವನು ಯಾಕೆ ಸುಳ್ಳು ಹೇಳಿದ?’ ಎಂದು ಯಂತ್ರವನ್ನು ಕೇಳಲಾಗದು. ಮಿಶಿಗನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ, 37 ಪೋಷಕರು ಮತ್ತು ಅವರ ಎಳೆಯ ಮಕ್ಕಳನ್ನು ಗಮನಿಸಿದ ಅಧ್ಯಯನದಲ್ಲಿ, ಟ್ಯಾಬ್ಲೆಟ್‌ನ ಪುಸ್ತಕಕ್ಕಿಂತ ಮುದ್ರಿತ ಪುಸ್ತಕ ಹಿಡಿದಾಗಲೇ ಇಬ್ಬರ ನಡುವೆ ಹೆಚ್ಚು ಮಾತುಕತೆ ನಡೆದಿತ್ತು.

ಇದು ಮನೆಯೊಳಗಿನ ಖಾಸಗಿ ಅಭ್ಯಾಸವೆಂದು ಸಮಾಜ ಕೈತೊಳೆದುಕೊಳ್ಳಬೇಕಿಲ್ಲ ಎಂಬುದಕ್ಕೆ ಬೇರೆ ದೇಶಗಳ ನಿದರ್ಶನಗಳಿವೆ. ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ 1989ರಲ್ಲಿ ಆರಂಭವಾದ ಯೋಜನೆಯಲ್ಲಿ ಮಕ್ಕಳ ವೈದ್ಯರೇ ತಪಾಸಣೆಗೆ ಬಂದ ಕುಟುಂಬಗಳಿಗೆ ಪುಸ್ತಕ ಕೊಟ್ಟು ಓದಿ ಹೇಳುವಂತೆ ಸಲಹೆ ನೀಡುತ್ತಾರೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1992ರಲ್ಲಿ ಶುರುವಾದ ‘ಬುಕ್‌ಸ್ಟಾರ್ಟ್’ ಶಿಶುಗಳಿಗೆ ಪುಸ್ತಕ ಹಂಚುತ್ತದೆ. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಶೈಶವದಿಂದಲೇ ಓದಿ ಹೇಳಬೇಕೆಂಬುದನ್ನು ತನ್ನ ಅಧಿಕೃತ ಸಲಹೆಯಾಗಿ ಪ್ರಕಟಿಸಿತು.

ಪತ್ರಿಕೆಯಾಗಿ ತಾವೂ ಮಾಡಬಹುದಾದ ಒಂದು ಕೆಲಸವಿದೆ, ಮತ್ತು ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಮಕ್ಕಳ ಪುಟದಲ್ಲಿ ಇಂದು ಪದಬಂಧ, ಸಾಮಾನ್ಯ ಜ್ಞಾನ, ಬಣ್ಣ ತುಂಬುವ ಚಿತ್ರ ಇವುಗಳ ನಡುವೆ ಕಥೆಗೆ ಉಳಿಯುವ ಜಾಗ ಬಹಳ ಕಡಿಮೆ. ಉಳಿದ ಜಾಗಕ್ಕೆ ಹೊಂದುವಂತೆ ಕಥೆಯನ್ನು ಸಾರಾಂಶದ ಮಟ್ಟಕ್ಕೆ ಇಳಿಸಲಾಗಿರುತ್ತದೆ. ವಾರಕ್ಕೊಮ್ಮೆಯಾದರೂ ದನಿಯೆತ್ತಿ ಓದಲೆಂದೇ ಬರೆಸಿದ, ಹತ್ತು ನಿಮಿಷದ ಓದಿಗೆ ಸಾಕಾಗುವ ಒಂದು ಕಥೆಯನ್ನು ತಾವು ಪ್ರಕಟಿಸಬೇಕೆಂದು ಕೋರುತ್ತೇನೆ. ಅಕ್ಷರಗಳು ಮಂದ ಬೆಳಕಿನಲ್ಲಿಯೂ ಕಾಣುವಷ್ಟು ದಪ್ಪವಿರಲಿ. ಲೇಖಕರು ತಮ್ಮ ಕಥೆಯನ್ನು ಕಳುಹಿಸುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ ನೋಡಲಿ. ನಾಲಿಗೆ ತೊಡರಿದ ವಾಕ್ಯಗಳನ್ನು ಅವರೇ ತಿದ್ದಿಕೊಳ್ಳುತ್ತಾರೆ. ಕಥೆ ದೊಡ್ಡದಾದರೆ ಎರಡು ವಾರಕ್ಕೆ ಮುರಿದು ಹಾಕಬಹುದು, ಮುರಿಯುವ ಜಾಗವನ್ನು ಪುಟವಿನ್ಯಾಸದವರಿಗೆ ಬಿಡದೆ ಲೇಖಕರೇ ಆರಿಸಲಿ. ಕಥೆಯ ಕೆಳಗೆ ಪ್ರಶ್ನೆಗಳು ಬೇಡ, ದಯವಿಟ್ಟು ‘ನೀತಿ’ ಎಂಬ ದಪ್ಪಕ್ಷರದ ಸಾಲೂ ಬೇಡ. ಮಕ್ಕಳು ಆ ಕಥೆಯನ್ನು ಮುಂದುವರಿಸಿಯೋ ಬದಲಿಸಿಯೋ ಬರೆದು ಕಳುಹಿಸಿದರೆ, ಕಾಗುಣಿತದ ತಪ್ಪುಗಳನ್ನಷ್ಟೇ ತಿದ್ದಿ ಮಿಕ್ಕಂತೆ ಕೈಹಚ್ಚದೆ ಪ್ರಕಟಿಸಲು ಅದೇ ಪುಟದಲ್ಲಿ ಒಂದು ಅಂಕಣ ಮೀಸಲಿಟ್ಟರೆ ಉಪಕಾರವಾಗುತ್ತದೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭಾಷಾ ಶಿಕ್ಷಕ